ಕೇಳದೆ ತುಂಬಿದ ಉಡಿ

ನವೆಂಬರ್ ೪, ಮಂಗಳವಾರ

ಅದೇ, ಕುರ್ಚಿಯ ಮಾತು. ನಿನ್ನೆ ಬರೆಯುತ್ತ ಅರ್ಧಕ್ಕೆ ಬಿಟ್ಟಿದ್ದೆ, ಮಗ ವೀರೇಂದ್ರ ಮಸ್ಕಿಯ ಗೊಬ್ಬರದ ಅಂಗಡಿ ಮುಚ್ಚಿಕೊಂಡು ಬಂದ ಗದ್ದಲದಲ್ಲಿ. ನಮ್ಮ ಪಂಚಾಯಿತಿ ಆಫೀಸಿನಲ್ಲಿ ಬಿಳಿ ಟವೆಲ್ಲು ಹಾಕಿದ ಒಂದು ಕುರ್ಚಿ ಇದೆ. ಅಧ್ಯಕ್ಷರದು. ಚುನಾವಣೆ ಗೆದ್ದವಳು ರೇಣುಕಾದೇವಿ, ಅದರ ಮೇಲೆ ಕೂಡುವವನು ಆಕೆಯ ಗಂಡ. ನಿನ್ನೆ ನ್ಯಾಯ ಸಮಿತಿಯ ಮೊದಲ ಸಭೆ ಇತ್ತಲ್ಲ, ಲಿಂಗಸುಗೂರಿನ ಮಹಿಳಾ ಸಂಸ್ಥೆಯ ಮೇಡಂ ಬಂದವರು ಆತನನ್ನು ನಗುನಗುತ್ತಲೇ ಹೊರಗೆ ಚಹಾಕ್ಕೆ ಕಳಿಸಿಬಿಟ್ಟರು. ಕುರ್ಚಿ ಖಾಲಿ ಆಯಿತು. ರೇಣುಕಾದೇವಿ ಮಾತ್ರ ಅದರ ಮೇಲೆ ಕೂಡಲಿಲ್ಲ, ಗೋಡೆ ಕಡೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡಳು.

"ಆರಲಿ ತಗೋ, ಇನ್ನಾ ಬಿಸಿ ಐತಿ ಅದು" ಎಂದಳು ಗ್ಯಾನಮ್ಮ. ಎಲ್ಲರೂ ನಕ್ಕೆವು.

ಗ್ಯಾನಮ್ಮ ಎಂದರೆ ಕುರಿ ಸಾಕುವವರ ಮನೆಯ ಹೆಣ್ಣುಮಗಳು, ಗಂಡ ಸತ್ತ ಮೇಲೆ ಹಿಂಡು ತಾನೇ ಕಾಯ್ದು, ಈಗ ಪಂಚಾಯಿತಿ ಮೆಂಬರು. ಬಾಯಿ ಬಿಟ್ಟರೆ ಚಾಟಿ. ನನ್ನನ್ನು ಸಮಿತಿಗೆ ಹಾಕಿಕೊಳ್ಳಲು ಆಕೆಯೇ ಕಾರಣವಂತೆ. ಸಾಹುಕಾರ್ರಿಗೆ ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ, ತಮ್ಮ ಬುದ್ಧಿಯಿಂದಲೇ ಮಾತಾಡುತ್ತಾರೆ ಎಂದಳಂತೆ. ಮನೆಯಾಕೆ ಇದ್ದಿದ್ದರೆ ಈ ಮಾತಿಗೆ ಏನನ್ನುತ್ತಿದ್ದಳೋ.

ಸಮಿತಿಯ ಕೆಲಸ ಇಷ್ಟು: ಊರ ಹೆಣ್ಣುಮಕ್ಕಳು ಠಾಣೆ, ಕೋರ್ಟು ಎಂದು ಅಲೆಯುವ ಮೊದಲು ಅವರ ತಕರಾರು ಇಲ್ಲೇ ಕೇಳುವುದು, ನ್ಯಾಯ ಆಗುವ ಹಾಗೆ ನೋಡುವುದು. ಹಿಂದೆ ಕಟ್ಟೆಯ ಮೇಲೆ ಬರೀ ಗಂಡಸರು ಕೂತು ಫೈಸಲ ಮಾಡುತ್ತಿದ್ದರು, ಈಗ ಹೆಣ್ಣುಮಕ್ಕಳೂ ಕೂಡುತ್ತಾರೆ. ಒಳ್ಳೆಯದೇ. ಓದಿದವನು ಎಂದು ನಾನು. ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಇಂಗ್ಲಿಷಿನಲ್ಲಿ ನಪಾಸಾಗಿ ಬಿಟ್ಟವನು, ಆದರೂ ಊರಿಗೆ ನಾನು ಓದಿದವನೇ. ನ್ಯಾಯಕ್ಕೆ ಕೂತವನು ಎರಡೂ ಕಡೆಯವರಿಗೆ ಒಂದೇ ಆಗಿರಬೇಕು, ಅದಕ್ಕೊಂದು ಚೆಂದದ ಪದ ಇದೆ. ಪಾರ್ಷಿಯಲ್. ಅಥವಾ ಇಂಪಾರ್ಷಿಯಲ್. ಎರಡರಲ್ಲಿ ಒಳ್ಳೆಯದು ಯಾವುದು ಎಂದು ಮೊದಲಿನಿಂದಲೂ ಗೊಂದಲ.

ಮೊದಲ ತಕರಾರು ನಮ್ಮ ಹೊನ್ನೂರಪ್ಪನ ಮನೆಯದೇ. ಹೊನ್ನೂರಪ್ಪ ನನ್ನ ಜೊತೆ ಸಾಲಿ ಕಲಿತ ಗೆಳೆಯ, ಕಾಲುವೆ ಕೆಳಗೆ ನಮ್ಮ ಗದ್ದೆಗೆ ಹತ್ತಿದ್ದೇ ಅವನ ಗದ್ದೆ. ಅವನ ಮಗ ಕನಕರಾಜ ಹಟ್ಟಿ ಗಣಿಯಲ್ಲಿ ಗುತ್ತಿಗೆ ಕೆಲಸ, ರಜೆಗೆ ಊರಿಗೆ ಬರುತ್ತಾನೆ. ಬಂದಾಗ ಕುಡಿಯುತ್ತಾನೆ, ಹೆಂಡತಿಯ ಮೇಲೆ ಕೈ ಮಾಡುತ್ತಾನೆ, ಆಕೆ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾಳೆ ಎಂಬ ಸಂಶಯ. ಆಕೆ ಮುದಗಲ್ಲಿಗೆ ಅಣ್ಣನ ಮನೆಗೆ ಹೋಗಿ ಕೂತಿದ್ದಾಳೆ. ಆ ಮನೆಗೆ ಮತ್ತೆ ಹೋಗುವುದಿಲ್ಲ ಎಂದು ಸಂಸ್ಥೆಯವರ ಮುಂದೆ ಹೇಳಿದಳಂತೆ. ಹೆಸರು ಏನೋ ಹೇಳಿದರು. ಸೋಮವಾರ ಎರಡೂ ಕಡೆಯವರನ್ನು ಕರೆಸಿದ್ದೇವೆ.

ಸೊಸೆ ಭುವನೇಶ್ವರಿ ಚಹಾ ತಂದಿಟ್ಟು ಎಷ್ಟು ಹೊತ್ತಾಯಿತೋ, ಕೆನೆ ಕಟ್ಟಿದೆ.

ನವೆಂಬರ್ ೧೦, ಸೋಮವಾರ

ಇವತ್ತಿನ ಕೆಲಸ ನನಗೆ ನಾನೇ ಶಾಬಾಸ್ ಅನ್ನುವ ಹಾಗೆ ಆಯಿತು. ಸಂಸ್ಥೆಯ ಮೇಡಂಗೆ ಸಿಂಧನೂರಿನಲ್ಲಿ ಬೇರೆ ಸಭೆ, ಬರಲಿಲ್ಲ. ನಾವೇ ನಡೆಸಿದೆವು.

ಕನಕರಾಜನ ಹೆಂಡತಿ ಬಾಗಿಲ ಹತ್ತಿರ ಕೂತಿದ್ದಳು, ಕಿವಿಯ ಮೇಲೆ ಸೆರಗು ಎಳೆದುಕೊಂಡು. ಗಾಳಿಗೆ ಸೆರಗು ಸರಿದಾಗ ನೋಡಿದೆ, ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಓಲೆ ಹಿಡಿದು ಎಳೆದಿದ್ದಾನೆ. ತಪ್ಪು, ದೊಡ್ಡ ತಪ್ಪು, ಹಾಗೆಂದೇ ಕನಕರಾಜನಿಗೆ ಎಲ್ಲರ ಮುಂದೆ ಬೈದೆ. ಅವನು ತಲೆ ತಗ್ಗಿಸಿ ತಪ್ಪಾಯಿತು ಎಂದ. ಹೊನ್ನೂರಪ್ಪ ತನ್ನ ಮಗನ ಪರವಾಗಿ ಕೈ ಮುಗಿದ. ಆಕೆಯ ಅಣ್ಣ ಸಿದ್ದರಾಮ, ಮುದಗಲ್ಲಿನಲ್ಲಿ ಪಾತ್ರೆ ಅಂಗಡಿ, ತನ್ನ ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಲಿ, ಮದುವೆಗೆ ಬಂದ ಮಗಳಿದ್ದಾಳೆ, ನೀವೇ ಹಿರಿಯರು ದಾರಿ ತೋರಿಸಿ ಎಂದ. ಹೊನ್ನೂರಪ್ಪನ ಹೆಂಡತಿ ಅತ್ತಳು. ಅತ್ತದ್ದು ನಿಜವಾಗಿಯೇ ಅತ್ತಳು, ನಾಟಕ ಅಲ್ಲ. ಸೊಸೆಯೂ ಒಮ್ಮೆ ಬಾಯಿ ತೆರೆದು "ನಾ..." ಎಂದಳು, ಅಷ್ಟರಲ್ಲಿ ಅತ್ತೆಯ ಅಳು ಜೋರಾಯಿತು.

ಮಾತು ಹೀಗೇ ಸುತ್ತುತ್ತಿತ್ತು. ಗ್ಯಾನಮ್ಮ ನಡುವೆ ಎದ್ದು, ಹುಡುಗಿಯನ್ನು ಒಳಗಿನ ಕೋಣೆಗೆ ಕರಕೊಂಡು ಹೋಗಿ ತಾನೊಂದಿಷ್ಟು ಕೇಳುತ್ತೇನೆ ಎಂದಳು. ಇದು ಇನ್ನೂ ಉದ್ದ ಹೋಗುತ್ತದಲ್ಲ ಎನ್ನಿಸಿತು ನನಗೆ. ಆಗ ಹೊಳೆಯಿತು.

"ಇವತ್ತು ಕಾರ್ತೀಕ ಸೋಮವಾರ, ದಿವಸ ಛಲೋ ಐತಿ" ಎಂದೆ. "ಹೆಣ್ಣುಮಗಳಿಗೆ ಪಂಚಾಯ್ತಿ ಕಡಿಂದ ಉಡಿ ತುಂಬಿ, ಮರ್ಯಾದಿಲಿಂದ ಕಳಸೂಣು. ಇನ್ನ ಮ್ಯಾಲೆ ಆಕಿ ಬರೇ ಹೊನ್ನೂರಪ್ಪನ ಸೊಸಿ ಅಲ್ಲ, ಪಂಚಾಯ್ತಿ ಮಗಳು."

ಎಲ್ಲರ ಮುಖ ಅರಳಿತು. ಹೊನ್ನೂರಪ್ಪ ಬಂದು ನನ್ನ ಕಾಲು ಮುಟ್ಟಿದ. ರೇಣುಕಾದೇವಿಯ ಮನೆಯಿಂದಲೇ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಬಂದವು. ರೇಣುಕಾದೇವಿಯೇ ಕುಂಕುಮ ಹಚ್ಚಿ ತುಂಬಿದಳು. ಗ್ಯಾನಮ್ಮ ಉಡಿಯ ಮಾತು ಬಂದಕೂಡಲೇ ಎದ್ದು ಪಡಸಾಲೆಗೆ ಹೋಗಿದ್ದಳು, ಮುತ್ತೈದೆಯರ ಕೆಲಸ ಎಂದು. ಹೆಣ್ಣುಮಗಳು ಸೆರಗು ಒಡ್ಡಿ ಹಿಡಿದಳು. ನಾಲ್ಕು ಅಕ್ಕಿ ಕಾಳು ಕೆಳಗೆ ಬಿದ್ದವು, ಅತ್ತೆ ಬಗ್ಗಿ ಆರಿಸಿ ಮತ್ತೆ ಉಡಿಗೆ ಹಾಕಿದಳು. ಯಾರೋ ಫೋನಿನಲ್ಲಿ ವಿಡಿಯೋ ಮಾಡಿದರು. ಉಡಿ ತುಂಬಿದ ಮೇಲೆ ಹಿಂದಕ್ಕೆ ನೋಡಬಾರದು, ಆಕೆ ನೋಡಲಿಲ್ಲ. ಆಟೋ ಹತ್ತಿ ಗಂಡನ ಮನೆಗೆ ಹೋದಳು.

ಜಗಳ ಇಲ್ಲದೆ, ಬೈದಾಟ ಇಲ್ಲದೆ ಮುಗಿದ ಇಂಥ ಫೈಸಲಕ್ಕೆ ಅಮಿಕಬಲ್ ಅನ್ನುತ್ತಾರೆ. ಅಮಿಕೇಬಲ್. ಹೀಗೇ ಏನೋ.

ಸಂಜೆ ಭುವನೇಶ್ವರಿಗೆ ಎಲ್ಲ ಹೇಳಿದೆ. ಒಲೆಯ ಮುಂದಿನಿಂದಲೇ ಕೇಳಿದಳು, "ಆಕಿ ಏನಂದ್ಳ್ರಿ, ಮಾವಾರ?"

ಹೊನ್ನೂರಪ್ಪ ಏನೆಂದ, ಅಣ್ಣ ಏನೆಂದ, ಕನಕರಾಜ ಹೇಗೆ ತಲೆ ತಗ್ಗಿಸಿದ, ಮತ್ತೊಮ್ಮೆ ಬಿಡಿಸಿ ಹೇಳಿದೆ.

"ಅವರಲ್ರಿ. ಆಕಿ."

ಉಡಿ ತಗೊಂಡಳಲ್ಲವ್ವ ಎಂದೆ. ಭುವನೇಶ್ವರಿ ರೊಟ್ಟಿ ತಿರುವಿ ಹಾಕಿದಳು. ಪಲ್ಯಕ್ಕೆ ಇವತ್ತು ಉಪ್ಪು ಮರೆತಿದ್ದಳು.

ನವೆಂಬರ್ ೧೬, ಭಾನುವಾರ

ಭತ್ತ ಕೊಯ್ಯುವ ಮಷೀನುಗಳು ಬಂದಿವೆ. ಊರ ತುಂಬ ಧೂಳು, ಕೆಮ್ಮು. ಸಿಂಧನೂರಿಗೆ ಹೋಗಿದ್ದೆ, ಸಂತೆಯಲ್ಲಿ ಹೊನ್ನೂರಪ್ಪ ಸಿಕ್ಕ, ಒಗ್ಗರಣಿ ಮಿರ್ಚಿ ತಿನ್ನಿಸಿದ. ಸೊಸೆ ಹೇಗಿದ್ದಾಳೆ ಎಂದು ಕೇಳಬೇಕು ಅಂದುಕೊಂಡೆ, ಮಾತು ಭತ್ತದ ತೇವದ ಕಡೆ ಹೋಯಿತು. ಅವನು ನಗುತ್ತಿದ್ದ. ನಗುತ್ತಿದ್ದ ಅಂದಮೇಲೆ ಎಲ್ಲ ಸರಿಯೇ ಇರಬೇಕು.

ನವೆಂಬರ್ ೨೭, ಗುರುವಾರ

ಕನಕರಾಜ ಆ ಹುಡುಗಿಯ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಹಾಕಿದನಂತೆ. ಫೋನು ಹಿಡಿಯುವ ಕೈ ಅಂತ.

ಲಿಂಗಸುಗೂರಿನ ದವಾಖಾನೆಯಲ್ಲಿದ್ದಾಳೆ. ನಾಳೆ ಹೋಗಬೇಕು. ಇವತ್ತು ಬರೆಯಲು ಏನೂ ಇಲ್ಲ.

ನವೆಂಬರ್ ೨೮, ಶುಕ್ರವಾರ

ನಾನು, ರೇಣುಕಾದೇವಿ, ಗ್ಯಾನಮ್ಮ ಬಸ್ಸಿನಲ್ಲಿ ಹೋದೆವು. ಬಸ್ಸು ಮಸ್ಕಿ ದಾಟಿತು. ನನಗೆ ಸುಮ್ಮನೆ ಕೂತು ರೂಢಿಯಿಲ್ಲ, ಹೊಲ ನೋಡಿ ತೊಗರಿ ಈ ಸಲ ಪರವಾಗಿಲ್ಲ ಎಂದೆ. ಆಗ ಗ್ಯಾನಮ್ಮ ಮುಂದಿನ ಸೀಟಿನಿಂದ ಹಿಂದೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು.

"ಸಾವುಕಾರ್ರ, ನಾ ಗಂಡ ಸತ್ತಾಕಿ. ನೀವು ಉಡಿ ಅಂದಕೂಡ್ಲೆ ನನ್ನ ಕಾಲು ತಾವ ಎದ್ದು ಹೊರಗ ಹೋದವು. ಅಲ್ಲಿ ಆಕಿನ್ನ ಕೇಳಾಕಿ ಅಂತ ಇದ್ದಾಕಿ ನಾ ಒಬ್ಬಾಕಿ."

ಆಮೇಲೆ ಮುಂದೆ ತಿರುಗಿ ಕೂತಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಕೆಯನ್ನು ಹೊರಗೆ ಹಾಕಬೇಕೆಂದು ಉಡಿಯ ಮಾತು ತೆಗೆದವನಲ್ಲ. ಆದರೆ ಬೇಕೆಂದೇ ಹೊರಗೆ ಹಾಕಬೇಕು ಎಂದಿದ್ದರೂ ಇದಕ್ಕಿಂತ ಸಾಫಾಗಿ ಆಗುತ್ತಿರಲಿಲ್ಲ. ರೇಣುಕಾದೇವಿ ಕಿಟಕಿಯ ಕಡೆ ಮುಖ ಮಾಡಿದ್ದಳು. ತುಂಬಿದ್ದು ತಾನು, ಅಕ್ಕಿ ತನ್ನ ಮನೆಯದು ಎಂದಷ್ಟೇ ಅಂದಳು.

ದವಾಖಾನೆಯಲ್ಲಿ ನರ್ಸು ಯಾರನ್ನು ನೋಡಬೇಕು ಎಂದು ಕೇಳಿದಳು. ಕನಕರಾಜನ ಹೆಂಡತಿ ಎಂದೆ. ಪೇಶಂಟಿನ ಹೆಸರು ಹೇಳಿ ಎಂದಳು. ನನ್ನ ಬಾಯಿಗೆ ಬರಲಿಲ್ಲ. ಹಿಂದಿನಿಂದ ಗ್ಯಾನಮ್ಮ "ಅಂಜಲಿ" ಎಂದಳು.

ಅಂಜಲಿ ಗೋಡೆಗೆ ಒರಗಿ ಕೂತಿದ್ದಳು. ಕೈ ಮೊಣಕೈವರೆಗೆ ಸುತ್ತಿದ್ದಾರೆ. ಎರಡು ಬೆರಳು ಉಳಿಯಲಿಲ್ಲ, ತೆಗೆದರು. ಉಳಿದವು ಮಡಚುವುದು ಸಂಶಯ. ಹೊಲಿಗೆ ಕಲಿತಿದ್ದಳಂತೆ, ಮುದಗಲ್ಲಿನಲ್ಲಿ ಕುಪ್ಪಸ ಹೊಲಿದು ಕೊಡುತ್ತಿದ್ದಳಂತೆ. ಇದೂ ಇವತ್ತೇ ಗೊತ್ತಾದದ್ದು. ಹಣ್ಣು ಒಯ್ದಿದ್ದೆ, ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತೆ. ಆಕೆ ಅಳುತ್ತಿರಲಿಲ್ಲ. ನನ್ನನ್ನು ನೋಡಿದಳು.

"ಅಜ್ಜಾರ, ನಾ ಹೂಂ ಅಂದಿದ್ನೇನ್ರಿ?"

ನಾನು ಏನೆಂದೆ ಎಂದು ಬರೆಯಬೇಕು. ಉಡಿ ಹಿಡಿದೆಯಲ್ಲವ್ವಾ ಎಂದೆ. ಅದನ್ನೇ ಅಂದೆ, ಆ ಕೈಯ ಮುಂದೆ ನಿಂತು.

"ಉಡಿ ಯಾರು ಒಲ್ಲೆ ಅಂತಾರ್ರಿ" ಎಂದಳು.

ನಿಜ. ಉಡಿ ಬೇಡ ಎಂದರೆ ತುಂಬುವವರ ಮನೆಗೂ ಕೇಡು, ತನಗೂ ಕೇಡು. ನಾನು ಹುಟ್ಟಿ ಇಷ್ಟು ವರ್ಷದಲ್ಲಿ ಉಡಿ ಬೇಡ ಎಂದ ಹೆಂಗಸನ್ನು ಕಂಡಿಲ್ಲ. ಬೇಡ ಅನ್ನಲು ಬರದ ಒಂದೇ ಒಂದು ವಸ್ತುವನ್ನು ಹುಡುಕಿ ಆಕೆಯ ಮುಂದೆ ಹಿಡಿದಿದ್ದೆ.

ಹಣ್ಣು ಪಕ್ಕದ ಮಂಚದ ಮುದುಕಿಗೆ ಕೊಟ್ಟು ಬಂದೆ.

ಡಿಸೆಂಬರ್ ೧, ಸೋಮವಾರ

ಬೆಳಗಿನಿಂದ ಒಂದೇ ತಲೆಯಲ್ಲಿ: ಪ್ಯಾಸಿವ್ ವಾಯ್ಸ್. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದ ಮಾಸ್ತರರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ರಾಮನು ರಾವಣನನ್ನು ಕೊಂದನು, ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ಎರಡನೆಯದರಲ್ಲಿ ರಾಮನನ್ನು ಬೇಕಾದರೆ ಬಿಟ್ಟುಬಿಡಬಹುದು, ವಾಕ್ಯಕ್ಕೆ ಏನೂ ಕೊರತೆಯಾಗುವುದಿಲ್ಲ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಇದೊಂದಕ್ಕೆ ನನಗೆ ಪೂರ್ತಿ ಅಂಕ ಬಂದಿದ್ದವು.

ಅವತ್ತು ಸಭೆಯ ನಡಾವಳಿ ನಾನೇ ಬರೆದೆ. ಸದರಿ ಮಹಿಳೆಗೆ ಉಡಿ ತುಂಬಲಾಯಿತು. ಸೌಹಾರ್ದದಿಂದ ಗಂಡನ ಮನೆಗೆ ಕಳುಹಿಸಲಾಯಿತು. ಎಂಥ ಚೆಂದದ ಕನ್ನಡ.

ಡಿಸೆಂಬರ್ ೨, ಮಂಗಳವಾರ

ಹೊನ್ನೂರಪ್ಪ ಬಂದಿದ್ದ. ಕಟ್ಟೆಯ ಮೇಲೆ ಕೂಡಲಿಲ್ಲ, ಒಳಗೆ ಬಂದು ಬಾಗಿಲು ಎಳೆದು ಹಾಕಿದ. ಕನಕರಾಜನನ್ನು ಪೊಲೀಸರು ಒಯ್ದಿದ್ದಾರೆ, ವಕೀಲರು ಜಾಮೀನಿಗೆ ಓಡಾಡುತ್ತಿದ್ದಾರೆ. ಗಾಳಿಗೆ ಬಾಗಿಲು ಬಡಿಯಿತು, ಕೈ ಸಿಕ್ಕಿತು ಎಂದು ಮನೆಯವರೆಲ್ಲ ಹೇಳಿಕೆ ಕೊಟ್ಟಿದ್ದಾರಂತೆ. ಅದಕ್ಕೆ ಜೋಡಿಯಾಗಿ ಆ ಉಡಿಯ ವಿಡಿಯೋ. ನೋಡಿ, ಹೆಣ್ಣುಮಗಳು ತಾನಾಗಿಯೇ ಸಂತೋಷದಿಂದ ಬಂದವಳು, ಗಂಡ ಹೆಂಡಿರು ಚೆನ್ನಾಗಿದ್ದರು ಎಂದು ವಕೀಲರು ತೋರಿಸುತ್ತಾರಂತೆ. ಶುಕ್ರವಾರ ಸಮಿತಿ ಮತ್ತೊಮ್ಮೆ ಕೂಡಬೇಕು, ರಾಜಿ ಆಗಬೇಕು. ಆಗದಿದ್ದರೆ ಪೊಲೀಸರ ಮುಂದೆ ನನ್ನದೊಂದು ಮಾತು.

"ನಿನ್ನ ಮಾತಿಗೆ ತೂಕ ಐತಿ, ಸೂಗಪ್ಪ. ಖುಷಿಲಿಂದ ಹೋದ್ಳು ಅಂತ ಇಷ್ಟ ಹೇಳು. ಸುಳ್ಳೇನಲ್ಲಲ್ಲ ಅದು, ನೀನ ನಿಂತು ಕಳಸೀದಿ."

ಮಗ ಜೈಲಿಗೆ ಹೋದರೆ ತನ್ನ ಹೆಂಡತಿ ಉಳಿಯುವುದಿಲ್ಲ ಎಂದ. ಅವನ ಕಣ್ಣು ಕೆಂಪಾಗಿತ್ತು. ಅವನು ಕೆಟ್ಟವನಲ್ಲ. ನಮ್ಮ ಮನೆಯಾಕೆ ವೀರಭದ್ರಮ್ಮ ತೀರಿಹೋದ ದಿನ ಮೊದಲು ಬಂದವನು ಅವನೇ, ಮಣ್ಣಿಗೆ ಮೊದಲು ಕೈ ಹಾಕಿದವನೂ ಅವನೇ. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವನು ಅದನ್ನು ಆಗಲಿ ಎಂದೇ ತಿಳಿದುಕೊಂಡು ಹೋದ. ಹೋದ ಮೇಲೆ ಹೊಳೆಯಿತು, ಸುಮ್ಮನಿದ್ದವರ ಮಾತನ್ನು ಜನ ಹೇಗೆ ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ ಎಂದು.

ಮಧ್ಯಾಹ್ನ ನಮ್ಮ ತಲೆಬಾಗಿಲು ಹಾಕಿ ತೆಗೆದು ನೋಡಿದೆ. ಜೋಳದ ದಂಟೊಂದನ್ನು ಸಂದಿಯಲ್ಲಿ ಇಟ್ಟು ಬಾಗಿಲು ಬಡಿದೆ. ಸಿಪ್ಪೆ ಸುಲಿಯಿತು, ಮುರಿಯಲಿಲ್ಲ. ಮತ್ತೆ ಬಡಿದೆ. ಮುರಿಯಬೇಕಾದರೆ ಹೆಗಲು ಕೊಟ್ಟು ಒತ್ತಿ ಹಿಡಿಯಬೇಕಾಯಿತು. ಒಳಗಿನದು ಪುಡಿಯಾಗಬೇಕಾದರೆ ಒತ್ತಿದವನು ಸ್ವಲ್ಪ ಹೊತ್ತು ಬಿಡಬಾರದು. ಗಾಳಿ ಅಷ್ಟು ಹೊತ್ತು ಒತ್ತುವುದಿಲ್ಲ.

ಭುವನೇಶ್ವರಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೆಲದ ಮೇಲಿನ ಸಿಪ್ಪೆ ನಾನೇ ಗುಡಿಸಿದೆ.

ಡಿಸೆಂಬರ್ ೫, ಶುಕ್ರವಾರ

ಸಮಿತಿ ಕೂಡಿತು. ಈ ಸಲ ಸಂಸ್ಥೆಯ ಮೇಡಂ ಅಂಜಲಿಯನ್ನು ಕರಕೊಂಡು ತಾವೇ ಬಂದಿದ್ದರು. ಠಾಣೆಗೆ ಹೋದ ವಿಷಯ ಸಮಿತಿಯಲ್ಲಿ ರಾಜಿ ಮಾಡಲು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಆದರೆ ತನ್ನ ಮಾತನ್ನು ಊರ ಮುಂದೆ ಹೇಳುತ್ತೇನೆ ಎಂದು ಅಂಜಲಿಯೇ ಬಯಸಿದಳಂತೆ. ರೇಣುಕಾದೇವಿಯ ಗಂಡ ಬಂದು ಬಾಗಿಲಲ್ಲಿ ನಿಂತಾಗ ಆಕೆ, ನೀವು ಮನೆಗೆ ನಡೀರಿ ಎಂದಳು. ಆತ ನಕ್ಕ, ನಿಂತೇ ಇದ್ದ. ಆಕೆ ಬಾಗಿಲು ಹಾಕಿಕೊಂಡಳು.

ಹೊನ್ನೂರಪ್ಪನ ಹೆಂಡತಿ ತಟ್ಟೆ ತಂದಿದ್ದಳು. ಮೇಲೆ ಹಸಿರು ಖಣ ಮುಚ್ಚಿತ್ತು, ಅಂಚಿನಲ್ಲಿ ಅಕ್ಕಿ ಕಾಣುತ್ತಿತ್ತು. ಅದನ್ನು ನೋಡಿದಕೂಡಲೇ ಗ್ಯಾನಮ್ಮ ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೊರಟಳು. ನಾನು ಕುಂದರವ್ವಾ ಎಂದೆ. ಆಕೆ ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಕೂತಳು. ಹೊನ್ನೂರಪ್ಪನ ಹೆಂಡತಿ ತಟ್ಟೆಯನ್ನು ಸೆರಗಿನಿಂದ ಮರೆ ಮಾಡಿಕೊಂಡಳು, ಗ್ಯಾನಮ್ಮನ ನೆರಳು ಬೀಳಬಾರದೆಂದು.

ಹೊನ್ನೂರಪ್ಪ ಮಾತು ಶುರು ಮಾಡಿದ. ಬಾಗಿಲು, ಗಾಳಿ, ನಸೀಬ. ಸಿದ್ದರಾಮ ಅದಕ್ಕೆ ಹೌದು ಹೌದು ಎನ್ನುತ್ತಿದ್ದ. ನಾನು ಅವರ ಮಾತು ತಡೆದು ಅಂಜಲಿಯನ್ನು ಕೇಳಿದೆ.

"ತಂಗೀ, ನಿನಗ ಏನು ಬೇಕು?"

ಆಕೆ ಸುಮ್ಮನಿದ್ದಳು. ಅಣ್ಣ ಉತ್ತರ ಕೊಡಲು ಹೋದ, ಗ್ಯಾನಮ್ಮ ಕೈ ಎತ್ತಿದಳು. ಅತ್ತೆ ಅಳಲು ಶುರು ಮಾಡಿದಳು, ತಾನೇ ನಿಲ್ಲಿಸಿದಳು. ಹೊರಗೆ ಟ್ರ್ಯಾಕ್ಟರು ಹೋಯಿತು. ಇಷ್ಟು ಮಂದಿ ಕೂತ ಕೋಣೆಯಲ್ಲಿ ಯಾರೂ ಮಾತಾಡದೆ ಇರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನಾಲಿಗೆ ತುರಿಸುತ್ತಿತ್ತು. ಒಂದು ಸಲ ಬಾಯಿ ತೆರೆದೇಬಿಟ್ಟೆ, ಮತ್ತೆ ಮುಚ್ಚಿಕೊಂಡೆ.

"ಒಲ್ಲೆ" ಎಂದಳು.

ಏನು ಒಲ್ಲೆ ಎಂದು ಹೊನ್ನೂರಪ್ಪ ಕೇಳಿದ.

"ಆ ಮನಿ ಒಲ್ಲೆ. ಆ ಉಡೀನೂ ಒಲ್ಲೆ."

ಅತ್ತೆ ಎದ್ದು ತಟ್ಟೆ ಮುಂದೆ ಮಾಡಿದಳು, ಹಂಗ ಅನಬಾರದವ್ವಾ, ಲಕ್ಷ್ಮಿ ಇದು, ಬಿಡ್ತು ಅನ್ನು ಎನ್ನುತ್ತ. ಅಂಜಲಿ ಸೆರಗು ಒಡ್ಡಲಿಲ್ಲ. ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತಿದ್ದಳು. ಮುದುಕಿ ತಟ್ಟೆಯನ್ನು ಇನ್ನಷ್ಟು ಹತ್ತಿರ ಒಡ್ಡಿದಳು. ಕೊನೆಗೆ ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಹೊರಗೆ ಹೋದಳು. ಊರಲ್ಲಿ ತುಂಬಿದ ತಟ್ಟೆ ಹಾಗೇ ಹಿಂದಕ್ಕೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಕೋಣೆಯಲ್ಲಿ ಯಾರೋ ಸತ್ತ ಹಾಗೆ ಇತ್ತು.

ಸಿದ್ದರಾಮ ಎದ್ದು ನಿಂತ. "ಹಂಗಾದ್ರ ನಮ್ಮ ಮನಿಗೂ ಬರಬ್ಯಾಡ ನೀ" ಎಂದ. ತಂಗಿಯ ಮುಖ ನೋಡಿ ಹೇಳಲಿಲ್ಲ, ಗೋಡೆಯ ಕ್ಯಾಲೆಂಡರಿಗೆ ಹೇಳಿದ. ಹೊರಗೆ ಅವನ ಮೋಟಾರ್ ಸೈಕಲ್ಲು ಬಹಳ ಹೊತ್ತು ಚಾಲೂ ಆಗಲಿಲ್ಲ, ಅವನು ಒದೆಯುತ್ತಲೇ ಇದ್ದ. ನಾವೆಲ್ಲ ಆ ಸದ್ದು ಕೇಳುತ್ತ ಕೂತಿದ್ದೆವು.

ಅಂಜಲಿಯನ್ನು ಮೇಡಂ ಲಿಂಗಸುಗೂರಿಗೆ ಸಂಸ್ಥೆಯ ಮನೆಗೆ ಕರೆದೊಯ್ದರು. ಒಂದು ಚೀಲ ಇತ್ತು. ಎಡಗೈಯಲ್ಲಿ ತಾನೇ ಎತ್ತಿಕೊಂಡಳು.

ಇದಕ್ಕೆ ಗೆಲುವು ಅನ್ನಲಾಗುವುದಿಲ್ಲ. ಏನನ್ನಬೇಕೋ, ನನಗೆ ಇಂಗ್ಲಿಷಿನಲ್ಲೂ ಬರುವುದಿಲ್ಲ.

ಡಿಸೆಂಬರ್ ೧೧, ಗುರುವಾರ

ಗುಡಿಗೆ ಹೋದರೆ ಮೊದಲೇ ಕೂತವರು ಎದ್ದು ಜಾಗ ಬದಲಿಸುತ್ತಾರೆ. ಸಾಹುಕಾರ ಹೆಣ್ಣಿನ ಕೈಯಿಂದ ಉಡಿ ಒದೆಸಿದ ಎಂದು ಮಾತು. ಒದೆಸಿಲ್ಲ, ಆಕೆ ಮುಟ್ಟಲೂ ಇಲ್ಲ. ಆದರೆ ಮಾತು ಊರು ಸುತ್ತಿ ಬರುವಷ್ಟರಲ್ಲಿ ಅದಕ್ಕೆ ಕಾಲು ಬಂದಿದ್ದವು. ವೀರೇಂದ್ರ ನಿಮಗ್ಯಾಕ ಬೇಕಿತ್ತಪ್ಪಾ ಇದೆಲ್ಲ ಎಂದು ಊಟಕ್ಕೆ ಕೂಡದೆ ಹೋದ. ನಾನೂ ಭುವನೇಶ್ವರಿಯೂ ಒಟ್ಟಿಗೆ ಕೂತು ಉಂಡೆವು. ಆಕೆಗೆ ಹೀರೇಕಾಯಿ ಸೇರುವುದಿಲ್ಲ ಎಂದು ಇವತ್ತು ಹೇಳಿದಳು. ನನಗೆ ಇಷ್ಟ ಎಂದು ವಾರಕ್ಕೆರಡು ಸಲ ಮಾಡುತ್ತಿದ್ದಳು.

ಕನಕರಾಜನಿಗೆ ಜಾಮೀನು ಸಿಕ್ಕಿದೆ. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಸ್ತ್ರಿ ಅಂಗಿ. ಹಾಯ್ದು ಹೋಗುತ್ತಾನೆ ಅಂದುಕೊಂಡೆ. ನಿಂತ.

"ಅರಾಮ ಅದೀರಿಲ್ರಿ ಕಾಕಾ? ಮನ್ಯಾಗ ಸೊಸಿ ಅರಾಮ ಅದಾಳೇನ್ರಿ?"

ನಗುತ್ತಿದ್ದ. ಪೇಟೆಯ ಮಂದಿಗೆ ಯಾರೋ ಹುಡುಗ ಹಿರಿಯರನ್ನು ಮಾತಾಡಿಸುತ್ತಿದ್ದಾನೆ ಎನ್ನುವಂತೆ ಕಂಡಿರಬೇಕು. ನಾನು ಬಸ್ಸಿನ ಕಡೆ ನಡೆದೆ. ಬಸ್ಸಿನಲ್ಲಿ ಕೂತ ಮೇಲೆ ಯೋಚನೆ ಬಂತು, ಅಂಜಲಿ ಈ ನಗುವನ್ನು ಕಂಡದ್ದು ಮನೆಯೊಳಗೆ, ಬಾಗಿಲು ಹಾಕಿದ ಮೇಲೆ.

ಡಿಸೆಂಬರ್ ೧೮, ಗುರುವಾರ

ಠಾಣೆಗೆ ಕರೆದಿದ್ದರು. ಮಸ್ಕಿಗೆ ಒಬ್ಬನೇ ಹೋದೆ. ಹೇಳಿಕೆ ಬರೆದುಕೊಳ್ಳುವ ಸಾಹೇಬರು ವಯಸ್ಸಿನಲ್ಲಿ ವೀರೇಂದ್ರನಷ್ಟು, ನನ್ನನ್ನು ಕೂಡಿಸಿ ನೀರು ತರಿಸಿದರು. ಅರ್ಧ ಅವರೇ ಬರೆದು ಇಟ್ಟುಕೊಂಡಿದ್ದರು. ಸಮಿತಿ ಸಮಕ್ಷಮ ಹೆಣ್ಣುಮಗಳು ಸ್ವಂತ ಖುಷಿಯಿಂದ ಗಂಡನ ಮನೆಗೆ ಹೋಗಿರುತ್ತಾಳೆ, ಸರಿ ಅಲ್ಲವೇ ಯಜಮಾನ್ರೇ ಎಂದರು.

ಅಲ್ಲ ಎಂದೆ. ಬರೆಯುವುದು ನಿಲ್ಲಿಸಿದರು. ಆಕೆಯನ್ನು ಯಾರೂ ಕೇಳಿಲ್ಲ ಎಂದೆ. ಕೇಳಬೇಕೆಂದು ಗ್ಯಾನಮ್ಮ ಎದ್ದಳು, ನಾನು ಕೇಳಗೊಡಲಿಲ್ಲ. ಉಡಿ ತುಂಬೋಣ ಎಂದವನು ನಾನು. ಕಳಿಸಿದವನು ನಾನು. ಆಕೆ ಹೂಂ ಅಂದಿಲ್ಲ. ಹಾಗೇ ಬರೆದುಕೊಳ್ಳಿ ಎಂದೆ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಹೀಗೆ ಬರೆದರೆ ಸಮಿತಿಗೆ ಕೆಟ್ಟ ಹೆಸರು, ನಾಳೆ ಕೋರ್ಟಿನಲ್ಲಿ ಅವರ ವಕೀಲರು ನಿಮ್ಮನ್ನು ಹುರಿದು ತಿನ್ನುತ್ತಾರೆ ಎಂದರು. ಬೆದರಿಕೆಯಲ್ಲ, ಕನಿಕರದಿಂದಲೇ. ಇರಲಿ ಎಂದೆ. ಆಮೇಲೆ ಬಾಗಿಲ ವಿಷಯ ಹೇಳತೊಡಗಿದೆ, ಜೋಳದ ದಂಟು, ಹೆಗಲು ಕೊಟ್ಟು ಒತ್ತಿ ಹಿಡಿದದ್ದು. ಅದು ನೀವು ಕಣ್ಣಾರೆ ಕಂಡದ್ದಲ್ಲ, ಬರೆಯಲು ಬರುವುದಿಲ್ಲ ಎಂದರು. ಅದನ್ನು ಬಿಟ್ಟರು.

ಹೊರಗೆ ಬಂದಾಗ ಹೊನ್ನೂರಪ್ಪ ಬೇವಿನ ಗಿಡದ ಕೆಳಗೆ ನಿಂತಿದ್ದ. ಒಳಗಿನ ಮಾತು ಅವನಿಗೆ ಅಷ್ಟರಲ್ಲೇ ಮುಟ್ಟಿತ್ತೋ, ನನ್ನ ಮುಖ ನೋಡಿಯೇ ತಿಳಿಯಿತೋ. ಒಂದೇ ಬಸ್ಸು ಹತ್ತಿದೆವು. ಅವನು ಹಿಂದೆ, ನಾನು ಮುಂದೆ. ಊರಲ್ಲಿ ಇಳಿದ ಮೇಲೆ ಇಬ್ಬರದೂ ಒಂದೇ ಓಣಿ, ಅವನು ಕಾಲುವೆ ಕಡೆಯ ಸುತ್ತಿನ ದಾರಿ ಹಿಡಿದ. ವಯಸ್ಸಾಗಿದೆ ಅವನಿಗೆ, ಎಡಗಾಲು ಎಳೆಯುತ್ತಿದ್ದ. ಕರೆಯಬೇಕೆನ್ನಿಸಿತು. ಕರೆದು ಏನು ಹೇಳುವುದು.

ಮನೆಗೆ ಬಂದು ಕೈಕಾಲು ತೊಳೆದು ಇಲ್ಲಿ ಅಂಗಳದಲ್ಲಿ ಕೂತಾಗ ಫೋನು ಬಂತು. ಅಂಜಲಿ. ಸಂಸ್ಥೆಯ ಫೋನಿನಿಂದ ಮಾಡಿದ್ದಳು. ಠಾಣೆಯಲ್ಲಿ ಏನು ಹೇಳಿದಿರಿ ಎಂದು ಕೇಳಿದಳು. ಹೇಳಿದೆ. ಇದ್ದದ್ದು ಇದ್ದಂತೆ ಹೇಳುವಷ್ಟಕ್ಕೇ ನಿಲ್ಲಿಸಲಿಲ್ಲ ನಾನು, ನನ್ನ ಸ್ವಭಾವ, ಸಾಹೇಬರ ಪೆನ್ನಿನ ಮುಚ್ಚಳದಿಂದ ಹಿಡಿದು ಬೇವಿನ ಗಿಡದವರೆಗೆ ಹೇಳಿದೆ. ಲಿಂಗಸುಗೂರು ಕೋರ್ಟಿನಲ್ಲೂ ಹೀಗೇ ಹೇಳುತ್ತೇನೆ, ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ, ನೀನೇನೂ ಹೆದರಬೇಡ, ನಿನ್ನ ಪರವಾಗಿ ನಾನು ಎಲ್ಲ ಬಿಡಿಸಿ ಹೇಳುತ್ತೇನೆ ಎಂದೆ.

ಆ ಕಡೆ ಹೊಲಿಗೆ ಮಷೀನಿನ ಸದ್ದು ಕೇಳಿಸಿತು. ಯಾರೋ ಹೊಲಿಯುತ್ತಿದ್ದರು.

"ನಿಮ್ಮದು ನೀವು ಹೇಳ್ರಿ ಅಜ್ಜಾರ. ನಂದು ಬ್ಯಾಡ. ನಂದು ನಾ ಹೇಳ್ತೀನಿ. ಅವತ್ತು ನೀವು ಸುಮ್ಮ ಕುಂದರ್ರಿ."

ಆಗಲಿ ಎಂದೆ. ಇನ್ನೂ ಏನೋ ಹೇಳುವುದಿತ್ತು, ಆಕೆ ಇಟ್ಟಳು.

ಕೋರ್ಟಿನ ತಾರೀಖು ಸಂಕ್ರಾಂತಿಯ ಹಿಂದೆ ಮುಂದೆ ಬರಬಹುದಂತೆ. ಬೆಳಗಿನ ಬಸ್ಸಿಗೆ ಹೋದರೆ ಕೋರ್ಟು ತೆಗೆಯುವ ಮೊದಲೇ ಮುಟ್ಟಬಹುದು. ಗ್ಯಾನಮ್ಮನೂ ಬರುತ್ತಾಳೆ. ರೇಣುಕಾದೇವಿ ಬರುತ್ತೇನೆ ಎಂದಿದ್ದಾಳೆ, ಗಂಡ ಬಿಟ್ಟರೆ ಎನ್ನಲಿಲ್ಲ ಈ ಸಲ. ಅಲ್ಲಿ ಕನಕರಾಜ ಇರುತ್ತಾನೆ, ಆ ಇಸ್ತ್ರಿ ಅಂಗಿ ಹಾಕಿಕೊಂಡು. ಆಕೆ ಅವನ ಎದುರಿಗೆ ನಿಂತು ಹೇಳಬೇಕು. ನಡುವೆ ಆಕೆ ತಡೆದು ನಿಂತರೆ, ಮಾತು ಬಾರದೆ ಹೋದರೆ, ನಾನು ಬಾಯಿ ಬಿಗಿಹಿಡಿದು ಕೂಡುವುದು ಹೇಗೆ ಎಂದು ಯೋಚಿಸುತ್ತ ಬರೆಯುತ್ತಿದ್ದೇನೆ, ಸಾಲಿನ ಮೇಲೆ ಸಾಲು ಬೀಳುತ್ತಿದೆ, ಈಗ ನೋಡಿದೆ, ಬೆಳಕು ಹೋಗುತ್ತಿದೆ.